ಒಣಗಿದ್ದರೆ ತಿಂಗಳು, ನೀರು ತಾಗಿದರೆ ಒಂದೇ ದಿನ: ಗಿಡಮೂಲಿಕೆಯ ಸ್ನಾನದ ಪುಡಿ, ಎಣ್ಣೆ, ಮುಲಾಮು ಮನೆಯಲ್ಲೇ ಮಾಡುವುದು ಹೇಗೆ

ಬೆಂಗಳೂರಿನ ಯಾವ ಅಂಗಡಿಗೆ ಹೋದರೂ ಸೋಪು, ಶ್ಯಾಂಪೂ, ಕ್ರೀಮ್ ಎಲ್ಲದರ ಮೇಲೂ ಈಗ ಒಂದು ಹಸಿರು ಎಲೆಯ ಚಿತ್ರ ಇದ್ದೇ ಇರುತ್ತದೆ. ಬಾಟಲಿಯ ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ. ಆ ಎಲೆ ಎಷ್ಟೋ ಸಲ ಪಟ್ಟಿಯ ಕೊನೆಯಲ್ಲಿ, ಸುಗಂಧದ ಅಕ್ಕಪಕ್ಕ ಸಿಗುತ್ತದೆ. ಅದೇ ಬೇವು, ಸೀಗೆಕಾಯಿ, ಕಸ್ತೂರಿ ಅರಿಶಿನ ಗ್ರಂಧಿಗೆ ಅಂಗಡಿಯಲ್ಲಿ ಚೀಲಗಟ್ಟಲೆ ಕೂತಿರುತ್ತವೆ. ತಂದು ಮನೆಯಲ್ಲೇ ಮಾಡಿಕೊಳ್ಳಬಹುದಲ್ವಾ ಅನ್ನಿಸುವುದು ಸಹಜ. ಮಾಡಿಕೊಳ್ಳಬಹುದು. ಆದರೆ ಎಲ್ಲವನ್ನೂ ಅಲ್ಲ.

ಯಾವ ಗಿಡ ಯಾವ ತೊಂದರೆಗೆ ಅನ್ನುವ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇದು ಒಣ ಪದಾರ್ಥವೋ, ಎಣ್ಣೆಯೋ, ಹಸಿಯೋ? ಚಟ್ನಿಪುಡಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಕಾಯಿಚಟ್ನಿ ಸಂಜೆಗೇ ಹಳಸುತ್ತದೆ. ಮೈಗೆ ಹಚ್ಚುವುದಕ್ಕೂ ಅದೇ ಲೆಕ್ಕ. ನೀರು ಸೇರಿದ ಕಡೆ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುತ್ತವೆ. ಕಣ್ಣಿಗೆ ಕಾಣುವ ಮೊದಲೇ ಬೆಳೆದಿರುತ್ತವೆ. ಬೇವು, ತುಳಸಿ ಹಾಕಿದ್ದೇವೆ, ಕೆಡಲ್ಲ ಅನ್ನುವುದು ತಪ್ಪು. ವಿಟಮಿನ್ ಇ ಹಾಕಿದರೂ ಅಷ್ಟೇ. ಅದು ಎಣ್ಣೆ ಕಮಟು ಹಿಡಿಯುವುದನ್ನು ತಡ ಮಾಡುತ್ತದೆ, ಕ್ರಿಮಿಗಳನ್ನು ತಡೆಯುವುದಿಲ್ಲ.

ಆದ್ದರಿಂದ ಇಲ್ಲಿ ಒಣ ಪುಡಿ, ಎಣ್ಣೆ, ಮುಲಾಮು ಈ ಮೂರನ್ನು ಸಾವಕಾಶವಾಗಿ ಮಾಡೋಣ. ಹಸಿಯದ್ದು ಆಗಲೇ ಮಾಡಿ ಆಗಲೇ ಮುಗಿಸುವಂಥದ್ದು. ನೀರೂ ಎಣ್ಣೆಯೂ ಸೇರುವ ಲೋಷನ್, ಕ್ರೀಮ್‌ಗೆ ಸರಿಯಾದ ಪ್ರಿಸರ್ವೇಟಿವ್ ಬೇಕು, ಅದನ್ನು ತೂಗಿ ಹಾಕಲು ಬರಬೇಕು. ಅಡುಗೆಮನೆಯಲ್ಲಿ ಅದು ಬೇಡ. ಅಂಗಡಿಯಿಂದಲೇ ತನ್ನಿ.

ಮೊದಲು ಸಾಮಾನು ತರುವುದು

ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತಕ್ಕಡಿ, ಒಂದು ಸಣ್ಣ ಕಣ್ಣಿನ ಜರಡಿ, ತೆಳು ಹತ್ತಿ ಬಟ್ಟೆ, ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿಗಳು. ಇಷ್ಟಿದ್ದರೆ ಸಾಕು. "ಒಂದು ಹಿಡಿ, ಒಂದು ಚಿಟಿಕೆ" ಲೆಕ್ಕ ಅಜ್ಜಿಯಂದಿರಿಗೆ ಸರಿಹೋಗುತ್ತಿತ್ತು, ಅವರ ಕೈಗೆ ಅಳತೆ ಗೊತ್ತಿತ್ತು. ನಮಗೆ ತಕ್ಕಡಿ ಇರಲಿ.

ಒಣ ಸಾಮಾನಿಗೆ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಹಳೇ ಗ್ರಂಧಿಗೆ ಅಂಗಡಿಗಳಿಗೆ ಹೋಗಿ. ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲಿ ಇಳಿದರೆ ನಡೆದೇ ಹೋಗಬಹುದು. ಗಾಂಧಿ ಬಜಾರ್, ಮಲ್ಲೇಶ್ವರಂ ಕಡೆಯೂ ಸಿಗುತ್ತವೆ. ಒಂದೇ ಮಾತು ನೆನಪಿಡಿ: ಪುಡಿ ತರಬೇಡಿ, ಇಡಿಯದ್ದನ್ನೇ ತನ್ನಿ. ಪುಡಿಯಾದ ಮೇಲೆ ಅದರಲ್ಲಿ ಏನಿದೆ ಅಂತ ಯಾರಿಗೂ ಹೇಳಲಾಗುವುದಿಲ್ಲ. ಇಡೀ ಸೀಗೆಕಾಯಿ, ಇಡೀ ಅರಿಶಿನ ಕೊಂಬು, ಇಡೀ ಲಾವಂಚದ ಬೇರು ಆದರೆ ಮುಟ್ಟಿ, ಮುರಿದು, ಮೂಸಿ ನೋಡಬಹುದು. ಸೀಗೆಕಾಯಿಯಲ್ಲಿ ಸಣ್ಣ ತೂತು, ಪುಡಿ ಉದುರುವುದು ಕಂಡರೆ ಹುಳ ಬಿದ್ದಿದೆ.

ಕಸ್ತೂರಿ ಅರಿಶಿನದ ವಿಷಯದಲ್ಲಿ ಮೋಸ ಜಾಸ್ತಿ. ಅಡುಗೆ ಅರಿಶಿನವೇ ಬೇರೆ, ಇದೇ ಬೇರೆ ಗಿಡ. ಕೊಂಬು ಮುರಿದರೆ ಒಳಗೆ ತಿಳಿ ಬಣ್ಣ, ಮೂಸಿದರೆ ಕರ್ಪೂರದಂಥ ವಾಸನೆ. ಒಳಗೆ ಕಡು ಕಿತ್ತಳೆ ಬಣ್ಣವಿದ್ದರೆ ಅದು ಅಡುಗೆಯದ್ದೇ, ಮುಖ ಹಳದಿಯಾಗುತ್ತದೆ. ಮನೆಯಲ್ಲಿರುವ ಅರಿಶಿನ ಪುಡಿಯ ಮೇಲೆ ಅನುಮಾನವಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಕಲಕದೆ ಬಿಡಿ. ಒಳ್ಳೆಯ ಪುಡಿ ತಳಕ್ಕೆ ಇಳಿದು ನೀರು ತಿಳಿ ಹಳದಿಯಾಗುತ್ತದೆ. ಬಣ್ಣ ಬೆರೆಸಿದ್ದರೆ ನೀರೇ ಕಡು ಹಳದಿಯಾಗುತ್ತದೆ. ಮೆಟಾನಿಲ್ ಯೆಲ್ಲೋ, ಸೀಸದ ಕ್ರೋಮೇಟ್ ಎರಡೂ ಅರಿಶಿನಕ್ಕೆ ಬೆರೆಸುವ ಬಣ್ಣಗಳು. ಎರಡೂ ಹೊಟ್ಟೆಗೂ ಬೇಡ, ಮೈಗೂ ಬೇಡ.

ಅಗ್ಗಕ್ಕೆ ಸಿಗುವ ಗಂಧದ ಪುಡಿ ಪ್ಯಾಕೆಟ್ ಬಿಟ್ಟುಬಿಡಿ. ಶ್ರೀಗಂಧದ ಬೆಲೆ ಗೊತ್ತಿದ್ದವರು ಆ ಪುಡಿಯಲ್ಲಿ ಗಂಧ ಇರಲು ಸಾಧ್ಯವಾ ಅಂತ ಒಂದು ಸಲ ಯೋಚಿಸಿದರೆ ಸಾಕು. ಮನೆಯಲ್ಲಿ ಗಂಧದ ಕೊರಡು ಇದ್ದರೆ ಸಾಣೆಕಲ್ಲಿನ ಮೇಲೆ ಅವತ್ತಿಗೆ ಬೇಕಾದಷ್ಟು ತೇಯ್ದುಕೊಳ್ಳಿ. ರಕ್ತಚಂದನ ಬೇರೆಯೇ ಮರ, ಅದಕ್ಕೆ ಆ ಪರಿಮಳ ಇಲ್ಲ.

ಅಂಗಡಿಯವರು ಸ್ನಾನದ ಪುಡಿಗೆ ಅಂತ ಹತ್ತಾರು ಸಾಮಾನು ಸೇರಿಸಿ ಕಟ್ಟಿಕೊಡುತ್ತಾರೆ. ಅದರಲ್ಲಿ ಬಾವಂಚಿ ಬೀಜ ಇದೆಯಾ ಕೇಳಿ, ಇದ್ದರೆ ತೆಗೆಸಿ. ಕಪ್ಪಗೆ, ಚಪ್ಪಟೆಯಾಗಿ, ಹುರುಳಿಕಾಳಿಗಿಂತ ಸಣ್ಣದಾಗಿರುತ್ತದೆ. ಇದರಲ್ಲಿ ಸೋರಲೆನ್ ಎಂಬ ಅಂಶವಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ, ಬೊಬ್ಬೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ತೊನ್ನಿನ ಚಿಕಿತ್ಸೆಯಲ್ಲಿ ವೈದ್ಯರು ಸೋರಲೆನ್ ಮತ್ತು ಬೆಳಕನ್ನು ಲೆಕ್ಕ ಹಾಕಿ ಬಳಸುತ್ತಾರೆ, ಅದು ಬೇರೆ ಮಾತು. ಈಗ ಸೀರಮ್‌ಗಳಲ್ಲಿ ಬರುವ ಬಾಕುಚಿಯೋಲ್ ಇದೇ ಗಿಡದಿಂದ ಶುದ್ಧ ಮಾಡಿ ತೆಗೆದದ್ದು. ಅದನ್ನು ಕೇಳಿಕೊಂಡು ಬೀಜವನ್ನೇ ಅರೆದು ಹಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ.

ಜಟಾಮಾಂಸಿ ಅಂತ ಕೇಳಬೇಡಿ. ಹಿಮಾಲಯದ ಆ ಗಿಡ ಅಳಿವಿನ ಅಂಚಿನಲ್ಲಿದೆ, ಸಿಗುವುದು ಹೆಚ್ಚಾಗಿ ಕಾಡಿನಿಂದ ಕಿತ್ತದ್ದು. ಪರಿಮಳಕ್ಕೆ ನಮ್ಮ ಲಾವಂಚ ಸಾಲದಾ?

ಸ್ನಾನದ ಪುಡಿ

ಅಳತೆ ಹೀಗೆ: ಹೆಸರುಕಾಳು 500 ಗ್ರಾಂ, ಕಡಲೆಬೇಳೆ 100 ಗ್ರಾಂ, ಲಾವಂಚದ ಬೇರು 25 ಗ್ರಾಂ, ಒಣಗಿದ ಗುಲಾಬಿ ದಳ 25 ಗ್ರಾಂ, ಕಸ್ತೂರಿ ಅರಿಶಿನ 15 ಗ್ರಾಂ. ಬೇಕಿದ್ದರೆ ಒಣ ಬೇವಿನ ಎಲೆ 15 ಗ್ರಾಂ. ಕಡಲೆಹಿಟ್ಟು ಜಾಸ್ತಿಯಾದರೆ ಒಣ ಚರ್ಮ ಬಿಗಿಯುತ್ತದೆ, ಅದಕ್ಕೇ ನಾನು ಹೆಸರುಕಾಳಿನ ಕಡೆ. ಮುಲ್ತಾನಿ ಮಿಟ್ಟಿ ಸೇರಿಸುವ ರೂಢಿ ಇದೆ. ಅದು ಜೇಡಿಮಣ್ಣು, ಎಣ್ಣೆ ಹೀರುತ್ತದೆ. ಜಿಡ್ಡು ಮುಖಕ್ಕೆ ಆದೀತು, ಡಿಸೆಂಬರ್ ಚಳಿಗೆ ಮೈಗೆ ಬೇಡವೇ ಬೇಡ.

ಗುಲಾಬಿ ಎಲ್ಲಿಂದ ಅನ್ನುವುದು ಮುಖ್ಯ. ಕೆ.ಆರ್. ಮಾರುಕಟ್ಟೆಯ ಪನ್ನೀರು ಗುಲಾಬಿ ನೋಡಿದರೆ ಆಸೆಯಾಗುತ್ತದೆ. ಆದರೆ ಹಾರಕ್ಕೆಂದು ಬೆಳೆದ ಹೂವಿಗೆ ಔಷಧಿ ಹೊಡೆದಿರುತ್ತಾರೆ. ತಿನ್ನಲು ಬೆಳೆದದ್ದಲ್ಲ, ಮುಖಕ್ಕೆ ಬೆಳೆದದ್ದೂ ಅಲ್ಲ. ಮನೆಯ ಕುಂಡದ ಹೂವು ಅಥವಾ ಔಷಧಿ ಹೊಡೆಯದ ಪರಿಚಯದವರ ತೋಟದ್ದು ಇದ್ದರೆ ಹಾಕಿ, ಇಲ್ಲದಿದ್ದರೆ ಗುಲಾಬಿಯನ್ನೇ ಬಿಡಿ. ಪುಡಿಗೇನೂ ಕೊರತೆಯಾಗುವುದಿಲ್ಲ.

ಒಣಗಿಸುವುದು ಇಡೀ ಕೆಲಸದ ಅರ್ಧ. ಕಾಳು, ಬೇರು, ಕೊಂಬನ್ನು ತಾರಸಿಯ ಬಿಸಿಲಿಗೆ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ. ಹೂವು, ಎಲೆ ನೆರಳಲ್ಲಿ ಒಣಗಲಿ, ಬಿಸಿಲಿಗೆ ಹಾಕಿದರೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ನಮ್ಮ ಊರಿನಲ್ಲಿ ಫೆಬ್ರವರಿಯಿಂದ ಮೇ ಮೊದಲ ವಾರಗಳವರೆಗೆ ಇದಕ್ಕೆ ಒಳ್ಳೆಯ ಕಾಲ. ಜೂನ್ ಆದಮೇಲೆ ಮೋಡ ಮುಚ್ಚಿದರೆ ಮೂರು ದಿನವಾದರೂ ಎಲೆ ಮೆತ್ತಗೇ ಇರುತ್ತದೆ. ಹಾಗಾಗಿ ಮಳೆಗಾಲ ದಾಟುವಷ್ಟು ಪುಡಿಯನ್ನು ಯುಗಾದಿ ಹೊತ್ತಿಗೆ ಮಾಡಿಟ್ಟುಕೊಳ್ಳುವುದು ಜಾಣತನ. ಅರಿಶಿನದ ಕೊಂಬನ್ನು ಮೊದಲೇ ಕುಟ್ಟಿ ಚೂರು ಮಾಡಿಕೊಳ್ಳಿ. ಎಲೆ ಹಿಚುಕಿದರೆ ಗರಗರ ಪುಡಿಯಾಗಬೇಕು, ಬೇರು ಬಾಗಿಸಿದರೆ ಪಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ಆಗಿಲ್ಲ.

ಈಗ ಗಿರಣಿ. ಮಿಕ್ಸಿಯಲ್ಲಿ ಲಾವಂಚ, ಅರಿಶಿನ ನುಣ್ಣಗಾಗುವುದಿಲ್ಲ, ಬ್ಲೇಡೂ ಹಾಳು. ಹಿಟ್ಟಿನ ಗಿರಣಿಗೆ ಹೋಗುವಾಗ ಎರಡು ವಿಷಯ ಕೇಳಿ. ನಮಗಿಂತ ಮುಂಚೆ ಆ ಮಿಷನ್‌ಗೆ ಏನು ಹಾಕಿದ್ದರು? ಖಾರದ ಪುಡಿ ಆಗಿದ್ದರೆ ವಾಪಸ್ ಬನ್ನಿ. ಉಳಿದ ಒಂದು ಚೂರು ಮೆಣಸಿನಕಾಯಿ ಮುಖಕ್ಕೆ ಬಿದ್ದರೆ ಸ್ನಾನದ ಮನೆಯಿಂದ ಓಡಿಬರುತ್ತೀರಿ. ಬೆಳಿಗ್ಗೆ ರಾಗಿಯೋ ಗೋಧಿಯೋ ಮುಗಿದ ಕೂಡಲೇ ಹಾಕಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು, ಸೀಗೆಕಾಯಿಯನ್ನೂ ಜೊತೆಗೆ ತಂದಿದ್ದರೆ ಮೊದಲೇ ಹೇಳಿ. "ಅಕ್ಕಾ, ಸೀಗೆಕಾಯಿ ಇದಕ್ಕೆ ಹಾಕಲ್ಲ, ಆಮೇಲೆ ರಾಗಿ ಹಿಟ್ಟೆಲ್ಲ ಕಹಿ ಅಂತ ಗಿರಾಕಿಗಳು ಬೈತಾರೆ" ಅನ್ನುತ್ತಾರೆ ಗಿರಣಿಯವರು. ಅವರು ಹೇಳುವುದು ನಿಜ. ಕೆಲವು ಗಿರಣಿಗಳಲ್ಲಿ ಸೀಗೆಗೇ ಬೇರೆ ಮಿಷನ್ ಇರುತ್ತದೆ, ಅಂಥ ಕಡೆ ಹೋಗಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀಗೆಪುಡಿ ಗಾಳಿಗೆ ಎದ್ದರೆ ಸೀನು ನಿಲ್ಲುವುದಿಲ್ಲ.

ಗಿರಣಿಯಿಂದ ಬಂದ ಪುಡಿ ಬಿಸಿಯಾಗಿರುತ್ತದೆ. ಆಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಪೇಪರ್ ಮೇಲೆ ಹರಡಿ ಆರಿಸಿ. ಮುಖಕ್ಕೆ ಬೇಕಾದಷ್ಟನ್ನು ತೆಳು ಬಟ್ಟೆಯಲ್ಲಿ ಗಾಳಿಸಿ ಬೇರೆ ಇಡಿ. ತರಿ ತರಿಯಾಗಿರುವುದು ಮೈಗೆ, ಕೈಕಾಲಿಗೆ ಸಾಕು. ಮುಖಕ್ಕೆ ತರಿ ಉಜ್ಜಿದರೆ ಕಣ್ಣಿಗೆ ಕಾಣದ ಗೀರು ಬೀಳುತ್ತವೆ. ದೊಡ್ಡ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿರಲಿ, ಸ್ನಾನದ ಮನೆಗೆ ವಾರಕ್ಕಾಗುವಷ್ಟು ಸಣ್ಣ ಡಬ್ಬಿ. ಒದ್ದೆ ಕೈ ಹಾಕಬೇಡಿ. ಹೀಗೆ ಇಟ್ಟರೆ ಆರು ತಿಂಗಳು ಏನೂ ಆಗುವುದಿಲ್ಲ.

ಬಳಸುವಾಗ ಎರಡು ಚಮಚ ಪುಡಿ ಅಂಗೈಗೆ, ನೀರು ಬೆರೆಸಿ ಮೆತ್ತಗೆ ಮಾಡಿ ಹಚ್ಚಿ, ಒಣಗಲು ಬಿಡದೆ ತೊಳೆಯಿರಿ. ಬಿಗಿದು ಬಿರುಕು ಬಿಡುವ ತನಕ ಕಾಯುವುದರಿಂದ ಚರ್ಮದ ನೀರೂ ಹೋಗುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಡ್ರೈನ್ ಮೇಲೆ ಸಣ್ಣ ಜಾಲರಿ ಇಡಿ. ಹೆಸರುಹಿಟ್ಟು ಪೈಪಿನಲ್ಲಿ ಗಟ್ಟಿಯಾದರೆ ಪ್ಲಂಬರ್‌ಗೆ ಫೋನ್ ಮಾಡಬೇಕಾಗುತ್ತದೆ.

ಸೀಗೆಪುಡಿ, ಬೋರ್‌ವೆಲ್ ನೀರು

ಬೆಂಗಳೂರಿನಲ್ಲಿ ಒಂದೇ ಶ್ಯಾಂಪೂ ಒಬ್ಬರಿಗೆ ಚೆನ್ನಾಗಿ ಒಗ್ಗಿ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಎಷ್ಟೋ ಸಲ ಕಾರಣ ಕೂದಲಲ್ಲ, ನಲ್ಲಿ. ಕಾವೇರಿ ನೀರು ಬರುವ ಬಡಾವಣೆಗೂ ಬೋರ್‌ವೆಲ್ಲು, ಟ್ಯಾಂಕರ್ ನಂಬಿರುವ ಬಡಾವಣೆಗೂ ತುಂಬಾ ವ್ಯತ್ಯಾಸ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಬಿಳಿ ಕೊಳೆಯಾಗುತ್ತದೆ. ಬಕೆಟ್ ಅಂಚಿಗೆ ಅಂಟುವುದೂ ಅದೇ, ಕೂದಲಿಗೆ ಅಂಟುವುದೂ ಅದೇ. ಸೀಗೆ, ಅಂಟುವಾಳದಲ್ಲಿ ಕೊಳೆ ತೆಗೆಯುವುದು ಸಪೋನಿನ್. ಅದು ಸೋಪಿನ ಥರ ಕ್ಯಾಲ್ಸಿಯಂ ಜೊತೆ ಗಷ್ಟು ಕಟ್ಟುವುದಿಲ್ಲ. ಜೊತೆಗೆ ಸೋಪು ಕ್ಷಾರ, ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) 9ರಿಂದ 10. ಚರ್ಮದ್ದು ಸುಮಾರು 5. ಸೀಗೆ ಹುಳಿಯ ಕಡೆಗಿರುವುದರಿಂದ ಚರ್ಮಕ್ಕೆ ಹತ್ತಿರ.

ಅಳತೆ: ಬೀಜ ತೆಗೆದ ಸೀಗೆಕಾಯಿ 500 ಗ್ರಾಂ, ಮೆಂತ್ಯ 100 ಗ್ರಾಂ, ಹೆಸರುಕಾಳು 100 ಗ್ರಾಂ, ಒಣ ದಾಸವಾಳದ ಎಲೆ 50 ಗ್ರಾಂ. ಸಿಕ್ಕರೆ ಚಿಗರೆ ಪುಡಿ (ಚಿಗರೆ ಮರದ ಒಣ ಎಲೆಯ ಪುಡಿ) 100 ಗ್ರಾಂ ಸೇರಿಸಿ, ತಲೆಯ ಎಣ್ಣೆಯನ್ನು ಮೆತ್ತಗೆ ತೆಗೆಯುತ್ತದೆ. ಅಂಟುವಾಳ ನೊರೆ ಕೊಡುತ್ತದೆ, ಆದರೆ ಕೂದಲನ್ನು ತೀರಾ ಒಣಗಿಸುತ್ತದೆ. ಜಿಡ್ಡು ತಲೆಯವರು ಮಾತ್ರ 50 ಗ್ರಾಂ ಹಾಕಿ.

ಮೂರು ಚಮಚ ಪುಡಿಯನ್ನು ಬಿಸಿ ಗಂಜಿಯಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಬರೀ ನೀರಿಗಿಂತ ಗಂಜಿಯಲ್ಲಿ ಕೂದಲು ಸಿಕ್ಕಾಗುವುದು ಕಡಿಮೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಹಚ್ಚಿ. ಕಣ್ಣಿಗೆ ಬಿದ್ದರೆ ಉರಿ ಸುಮ್ನೆ ಹೋಗುವುದಿಲ್ಲ, ತಣ್ಣೀರಲ್ಲಿ ಚೆನ್ನಾಗಿ ತೊಳೆಯುತ್ತಲೇ ಇರಬೇಕು. ಬಣ್ಣ ಹಾಕಿಸಿದ ಕೂದಲಾದರೆ ಬಣ್ಣ ಬೇಗ ಮಾಸಬಹುದು.

ಎಣ್ಣೆ ಕಾಯಿಸುವುದು

ಮೊದಲು ಎಣ್ಣೆಯ ಆಯ್ಕೆ. ತಲೆಗೆ ಕೊಬ್ಬರಿ ಎಣ್ಣೆಗೆ ಸಮ ಇಲ್ಲ. ಕೂದಲಿನ ಒಳಗೆ ಇಳಿದು, ತೊಳೆಯುವಾಗ ಆಗುವ ಪ್ರೊಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ. ಮಿನರಲ್ ಆಯಿಲ್‌ಗೂ ಸೂರ್ಯಕಾಂತಿ ಎಣ್ಣೆಗೂ ಆ ಗುಣ ಇಲ್ಲ. ಆದರೆ ಅದೇ ಕೊಬ್ಬರಿ ಎಣ್ಣೆ ಮೊಡವೆ ಬರುವ ಮುಖಕ್ಕೆ ಹಚ್ಚಿದರೆ ರಂಧ್ರ ಮುಚ್ಚುತ್ತದೆ. ಮುಖಕ್ಕೆ ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆ ಹಗುರ. ಅವು ಬೇಗ ಕಮಟು ಹಿಡಿಯುತ್ತವೆ, ಸಣ್ಣ ಬಾಟಲಿ ತನ್ನಿ. ಮೈಗೆ ಎಳ್ಳೆಣ್ಣೆ. ಹರಳೆಣ್ಣೆ ತೀರಾ ಮಂದ, ಬೇರೆ ಎಣ್ಣೆಗೆ ಬೆರೆಸದೆ ಹಚ್ಚಿದರೆ ತೊಳೆಯಲು ಕಷ್ಟ. ಬೀದಿಗೊಂದು ಮರದ ಗಾಣ ಬಂದಿದೆ ಈಗ, ಎಣ್ಣೆಗೆ ತೊಂದರೆ ಇಲ್ಲ. ಒಂದು ಎಚ್ಚರಿಕೆ: ಹೊಂಗೆ, ಬೇವು, ಎಳ್ಳು ಯಾವುದೇ ಆಗಲಿ, "ದೀಪದ ಎಣ್ಣೆ" ಅಂತ ಬರೆದಿದ್ದರೆ ಅದು ದೀಪಕ್ಕೆ ಮಾತ್ರ.

ತಲೆಗೆ ಎಣ್ಣೆ ಮಾಡಲು ಕೊಬ್ಬರಿ ಎಣ್ಣೆ ಅರ್ಧ ಲೀಟರ್, ಗರುಗದ ಸೊಪ್ಪು 50 ಗ್ರಾಂ, ಕರಿಬೇವು 25 ಗ್ರಾಂ, ದಾಸವಾಳದ ಹೂವು ಎಂಟೋ ಹತ್ತೋ, ಮೆಂತ್ಯ ಒಂದು ಚಮಚ. ಸೊಪ್ಪನ್ನು ಹಿಂದಿನ ರಾತ್ರಿಯೇ ತೊಳೆದು ಬಟ್ಟೆ ಮೇಲೆ ಹರಡಿ. ಎಲೆಯ ಮೇಲಿನ ನೀರು ಪೂರ್ತಿ ಹೋಗಿರಬೇಕು.

ದಪ್ಪ ತಳದ ಬಾಣಲೆ, ಸಣ್ಣ ಉರಿ. ಎಣ್ಣೆ ಬೆಚ್ಚಗಾದ ಮೇಲೆ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಒಟ್ಟಿಗೆ ಸುರಿದರೆ ಉಕ್ಕಿ ಒಲೆಗೆ ಬೀಳುತ್ತದೆ. ಈಗ ಕಿವಿ ಕೊಡಿ. ಮೊದಲು ಚರಚರ ಸದ್ದು, ದೊಡ್ಡ ಗುಳ್ಳೆ. ಎಲೆಯ ನೀರು ಆವಿಯಾಗುತ್ತಿದೆ ಅಂತ ಅರ್ಥ. ಸ್ವಲ್ಪ ಹೊತ್ತಿಗೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಇಳಿಯುತ್ತದೆ, ಎಣ್ಣೆ ಹಸಿರಾಗುತ್ತದೆ. ಸದ್ದು ಪೂರ್ತಿ ನಿಂತಾಗ ಒಂದು ಎಲೆ ತೆಗೆದು ಬೆರಳಲ್ಲಿ ಮುರಿಯಿರಿ. ಗರಿಗರಿ ಮುರಿದರೆ ಒಲೆ ಆರಿಸಿ. ಇನ್ನೂ ಬಿಟ್ಟರೆ ಎಲೆ ಕಪ್ಪಾಗಿ ಎಣ್ಣೆಗೆ ಸೀದ ವಾಸನೆ ಬರುತ್ತದೆ. ಎಣ್ಣೆ ಕಾಯಿಸುವವರ ಹಳೆಯ ಪರೀಕ್ಷೆ ಒಂದಿದೆ: ಹತ್ತಿ ಬತ್ತಿಯನ್ನು ಈ ಎಣ್ಣೆಯಲ್ಲಿ ಅದ್ದಿ, ಬಾಣಲೆಯಿಂದ ದೂರ ಹೋಗಿ ಹಚ್ಚಿ. ಚಟಪಟ ಅಂದರೆ ನೀರು ಉಳಿದಿದೆ, ಸುಮ್ಮನೆ ಉರಿದರೆ ಎಣ್ಣೆ ಸಿದ್ಧ.

ಬೆಚ್ಚಗಿರುವಾಗಲೇ ಒಣ ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿದ ಮೇಲೆ ಬಣ್ಣದ ಗಾಜಿನ ಬಾಟಲಿಗೆ ತುಂಬಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುವಂಥದ್ದು. ನಮ್ಮ ಜನವರಿ ರಾತ್ರಿಗಳಲ್ಲಿ ಕಲ್ಲಾಗುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಚಳಿಗಾಲಕ್ಕೆ ಅಗಲ ಬಾಯಿಯ ಬಾಟಲಿ ಇರಲಿ.

ಈ ಎಣ್ಣೆ ಹಚ್ಚಿದರೆ ಉದುರಿದ ಕೂದಲು ಹುಟ್ಟುತ್ತದಾ? ನಾನು ಹಾಗೆ ಹೇಳುವುದಿಲ್ಲ. ಇರುವ ಕೂದಲು ನಯವಾಗಿ, ತುಂಡಾಗದೆ ಉಳಿಯುತ್ತದೆ. ಹೊಟ್ಟು ಇರುವವರು ರಾತ್ರಿಯಿಡೀ ಎಣ್ಣೆ ಬಿಡಬೇಡಿ. ಹೊಟ್ಟಿಗೆ ಸಂಬಂಧಪಟ್ಟ ಮಲಸೇಸಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ಎಸೆನ್ಶಿಯಲ್ ಆಯಿಲ್ (ಗಿಡದಿಂದ ತೆಗೆದ ಗಾಢ ಪರಿಮಳದ ಎಣ್ಣೆ) ಹಾಕಬೇಕು ಅನ್ನಿಸಿದರೆ 30 ಮಿಲಿ ಎಣ್ಣೆಗೆ ಆರು ಹನಿ, ಅಂದರೆ ಸುಮಾರು ಶೇಕಡಾ 1. ಮುಖಕ್ಕಾದರೆ ಮೂರೇ ಹನಿ. ನೇರವಾಗಿ ಚರ್ಮಕ್ಕೆ ಯಾವತ್ತೂ ಬೇಡ.

ಒಡೆದ ಹಿಮ್ಮಡಿಗೆ ಮುರುಗಲ ತುಪ್ಪದ ಮುಲಾಮು

ಮುಲಾಮು ಅಂದರೆ ಎಲ್ಲರೂ ಜೇನುಮೇಣ ಅನ್ನುತ್ತಾರೆ. ಗಿಡದ್ದೇ ಬೇಕು ಅನ್ನುವವರಿಗೆ ನಮ್ಮಲ್ಲೇ ಮುರುಗಲ ತುಪ್ಪ ಇದೆ. ಉತ್ತರ ಕನ್ನಡದ ಕಡೆ ಮುರುಗಲ ಹಣ್ಣಿನ ಸಿಪ್ಪೆಯಿಂದ ಸಾರು, ಶರಬತ್ತು ಮಾಡಿದ ಮೇಲೆ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡನ್ನು ತೆಗೆದು ಉಂಡೆ ಕಟ್ಟುತ್ತಾರೆ. ಅಲ್ಲಿನ ಮನೆಗಳಲ್ಲಿ ಕಾಲು ಒಡೆದರೆ, ತುಟಿ ಒಡೆದರೆ ಇದೇ ಮದ್ದು. ಬೆಂಗಳೂರಿನಲ್ಲಿ ಮಲೆನಾಡಿನ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ಕೋಕಂ ಬಟರ್ ಅಂತ ಮಾರುವುದೂ ಇದನ್ನೇ. ಒಳ್ಳೆಯದಕ್ಕೆ ವಾಸನೆ ಹೆಚ್ಚುಕಮ್ಮಿ ಇರುವುದಿಲ್ಲ, ತಿಳಿ ಬೂದು ಬಿಳಿ, ಉಗುರಲ್ಲಿ ಒತ್ತಿದರೆ ಚೂರಾಗುವಷ್ಟು ಗಟ್ಟಿ.

ತುಪ್ಪ 30 ಗ್ರಾಂ, ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ 50 ಗ್ರಾಂ. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಒಣ ಸ್ಟೀಲ್ ಬಟ್ಟಲಿಟ್ಟು ಎರಡನ್ನೂ ಕರಗಿಸಿ. ತುಪ್ಪ ಸುಮಾರು 40 ಡಿಗ್ರಿಗೆ ಕರಗುತ್ತದೆ, ಜೋರು ಉರಿ ಬೇಕಿಲ್ಲ. ಆವಿಯ ಹನಿ ಬಟ್ಟಲಿಗೆ ಬೀಳದಂತೆ ನೋಡಿ. ಹದ ತಿಳಿಯಲು ಫ್ರಿಜ್‌ನಲ್ಲಿಟ್ಟ ಚಮಚದ ಮೇಲೆ ಒಂದು ಹನಿ ಬಿಡಿ. ಬೆರಳಿಗೆ ಬೆಣ್ಣೆಯಂತೆ ಬಂದರೆ ಸರಿ. ಗಟ್ಟಿಯಾದರೆ ಎಣ್ಣೆ, ನೀರಾದರೆ ತುಪ್ಪ ಸೇರಿಸಿ. ಏಪ್ರಿಲ್‌ನಲ್ಲಿ ಮಾಡುವುದಾದರೆ ತುಪ್ಪ ಸ್ವಲ್ಪ ಮುಂದಿರಲಿ. ಸಣ್ಣ ಡಬ್ಬಿಗೆ ಸುರಿದು ಕೂಡಲೇ ಫ್ರಿಜ್‌ಗಿಡಿ. ನಿಧಾನ ತಣಿದರೆ ರವೆ ರವೆಯಾಗುತ್ತದೆ.

ರಾತ್ರಿ ಕಾಲು ತೊಳೆದು, ಪೂರ್ತಿ ಒರೆಸದೆ ಸ್ವಲ್ಪ ಪಸೆ ಇರುವಾಗಲೇ ಹಚ್ಚಿ, ಹತ್ತಿ ಸಾಕ್ಸ್ ಹಾಕಿಕೊಳ್ಳಿ. ಮುಲಾಮು ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ, ಅದಕ್ಕೇ ಪಸೆ ಬೇಕು. ಸಕ್ಕರೆ ಕಾಯಿಲೆ ಇರುವವರ ಕಾಲು ಒಡೆದಿದ್ದರೆ ಮನೆಮದ್ದಲ್ಲ, ಮೊದಲು ಡಾಕ್ಟರಿಗೆ ತೋರಿಸಿ.

ಹಸಿಯದ್ದು

ಲೋಳೆಸರ ಎಲ್ಲರ ಬಾಲ್ಕನಿಯಲ್ಲೂ ಇದೆ. ಆದರೆ ಕತ್ತರಿಸಿದ ಕೂಡಲೇ ಮುಖಕ್ಕೆ ತಿಕ್ಕಬೇಡಿ. ಸಿಪ್ಪೆಯ ಕೆಳಗಿನ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಬುಡದ ದಪ್ಪ ಎಲೆ ಕಿತ್ತು, ಕತ್ತರಿಸಿದ ಕಡೆ ಕೆಳಗಾಗಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ. ಹಳದಿಯೆಲ್ಲ ಇಳಿದ ಮೇಲೆ ತೊಳೆದು, ಮುಳ್ಳಿನ ಅಂಚು ತೆಗೆದು, ಒಳಗಿನ ತಿರುಳು ಮಾತ್ರ ತೆಗೆದುಕೊಳ್ಳಿ. ಫ್ರಿಜ್‌ನಲ್ಲಿ ಎರಡು ದಿನ. ಹೆಚ್ಚಾದರೆ ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿ, ಬೇಕಾದಾಗ ಒಂದು ತುಂಡು ತೆಗೆಯಿರಿ. ಅಂದಹಾಗೆ ತಿರುಳಿಗೆ ಬಣ್ಣವೇ ಇಲ್ಲ. ಅಂಗಡಿಯ ಕಡು ಹಸಿರು ಜೆಲ್‌ಗೆ ಆ ಹಸಿರು ಎಲ್ಲಿಂದ ಬಂತು ಅಂತ ಲೇಬಲ್ ನೋಡಿ.

ನೆನೆಸಿದ ಮೆಂತ್ಯ, ಅರೆದ ದಾಸವಾಳದ ಎಲೆ, ತೇಯ್ದ ಗಂಧ ಎಲ್ಲಾ ಅವತ್ತವತ್ತಿಗೇ. ಉಳಿದದ್ದು ಗಿಡದ ಬುಡಕ್ಕೆ.

ನಿಂಬೆಹಣ್ಣು ಮಾತ್ರ ಮುಖದಿಂದ ದೂರವಿರಲಿ. ರಸದ ಪಿಎಚ್ ಸುಮಾರು 2, ಚರ್ಮಕ್ಕೆ ಅದು ಬರೀ ಆಮ್ಲ. ಜೊತೆಗೆ ಅದರಲ್ಲಿರುವ ಫ್ಯುರೊಕೂಮರಿನ್ ಎಂಬ ಅಂಶಗಳು ಬಿಸಿಲಿನ ಜೊತೆ ಸೇರಿ ಬಾವಂಚಿಯ ಹಾಗೆಯೇ ಸುಡುತ್ತವೆ. ಬಣ್ಣ ತಿಳಿಯಾಗಲಿ ಅಂತ ಹಚ್ಚಿದವರಿಗೆ ಕಪ್ಪು ಕಲೆ ಉಳಿಯುತ್ತದೆ. ಚೆಂಡುಹೂವೂ ಅಷ್ಟೇ. ವಿದೇಶಿ ಪಾಕಗಳಲ್ಲಿ ಬರುವ ಕ್ಯಾಲೆಂಡುಲಾ ಅಂದರೆ ನಮ್ಮ ಚೆಂಡುಹೂವು ಅಂದುಕೊಂಡು ಆಯುಧಪೂಜೆಯಲ್ಲಿ ಉಳಿದ ಹೂವನ್ನು ಎಣ್ಣೆಗೆ ಹಾಕುವವರಿದ್ದಾರೆ. ಎರಡೂ ಬೇರೆ ಗಿಡ. ಚೆಂಡುಹೂವಿನ ಎಸೆನ್ಶಿಯಲ್ ಆಯಿಲ್ ಬಿಸಿಲಿಗೆ ಚರ್ಮ ಸುಡುವಂಥದ್ದು.

ಸನ್‌ಸ್ಕ್ರೀನ್ ಅಂಗಡಿಯದೇ ಆಗಲಿ. ಕೊಬ್ಬರಿ ಎಣ್ಣೆ, ಕ್ಯಾರೆಟ್ ಎಣ್ಣೆ ಯಾವುದೂ ಬಿಸಿಲು ತಡೆಯುವುದಿಲ್ಲ. ಬೆಂಗಳೂರು ತಂಪು ಅಂತ ಮೋಸ ಹೋಗಬೇಡಿ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಶೇಕಡಾ 10ರಷ್ಟು ಏರುತ್ತದೆ.

ಹಚ್ಚುವ ಮುಂಚೆ

ಹೊಸದು ಏನೇ ಆಗಲಿ, ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಪುಡಿಯಾದರೆ ಕಲಸಿ ಐದು ನಿಮಿಷ ಬಿಟ್ಟು ತೊಳೆಯಿರಿ. ಅಲರ್ಜಿ ಮೊದಲ ದಿನವೇ ಕಾಣಿಸುವುದಿಲ್ಲ, ಅದಕ್ಕೇ ವಾರ. ಎರಡು ಹೊಸ ಸಾಮಾನು ಒಟ್ಟಿಗೆ ಬೇಡ, ಯಾವುದು ಆಗಲಿಲ್ಲ ಅಂತ ಗೊತ್ತಾಗುವುದಿಲ್ಲ. ಕಜ್ಜಿ, ಎಕ್ಸಿಮಾ, ಗಾಯ ಇದ್ದರೆ ಮತ್ತು ಎಳೆ ಮಕ್ಕಳಿಗೆ ಇದ್ಯಾವುದೂ ಬೇಡ. ಕೆಂಪಾಗಿ ಎರಡು ದಿನದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರನ್ನು ನೋಡಿ. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗ ಇದೆ. ಹೋಗುವಾಗ ಹಚ್ಚಿದ ಪುಡಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಕಪ್ಪು ಮೆಹಂದಿ ಬೇಡ. ಮದರಂಗಿ ಸೊಪ್ಪು ಕಿತ್ತಳೆ, ಕಂದು ಬಣ್ಣ ಕೊಡುತ್ತದೆ. ಗಂಟೆಯೊಳಗೆ ಕಪ್ಪಾಗುವ ಕೋನ್‌ಗೆ ಪಿಪಿಡಿ ಎಂಬ ಹೇರ್ ಡೈ ರಾಸಾಯನಿಕ ಬೆರೆಸಿರುತ್ತಾರೆ, ಕೈಯೆಲ್ಲ ಬೊಬ್ಬೆ ಏಳುವುದು ಅದರಿಂದಲೇ.

ಅಂಗಡಿಯಿಂದ ತರುವಾಗ, ಅಂಗಡಿಗೆ ಕೊಡುವಾಗ

ಲೇಬಲ್‌ನಲ್ಲಿ ಪದಾರ್ಥಗಳು ತೂಕದ ಇಳಿಕೆ ಕ್ರಮದಲ್ಲಿರುತ್ತವೆ. ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮೊದಲ ಐದು ಹೆಸರು ಓದಿದರೆ ಸಾಕು, ಬಾಟಲಿಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಪ್ರಿಸರ್ವೇಟಿವ್ ಇದೆ ಅಂತ ಹೆದರಬೇಡಿ. ನೀರಿರುವ ಕ್ರೀಮ್‌ನಲ್ಲಿ ಅದು ಇಲ್ಲದಿದ್ದರೆ ಹೆದರಬೇಕು. ಗಿಡಮೂಲಿಕೆಯದು, ವಾರದಲ್ಲಿ ಬಿಳಿ ಮಾಡುತ್ತದೆ ಅಂತ ಲೇಬಲ್ಲೇ ಇಲ್ಲದೆ ಮಾರುವ ಕ್ರೀಮ್ ಕೈಗೂ ಮುಟ್ಟಿಸಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿರುವುದುಂಟು, ಪಾದರಸ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ.

ಹಾಗಂತ ಕಾರ್ಖಾನೆಯದ್ದೆಲ್ಲ ಕೆಟ್ಟದ್ದೇನಲ್ಲ. ಮೊದಲ ಮಹಾಯುದ್ಧದಿಂದ ಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಅದೇ ಎಣ್ಣೆಯಿಂದ ಬೆಂಗಳೂರಿನಲ್ಲಿ ಸೋಪು ತಯಾರಾಯಿತು, ಇವತ್ತಿಗೂ ತಯಾರಾಗುತ್ತಿದೆ. ಗಂಧದ ಎಣ್ಣೆ ಇದ್ದರೂ ಅದು ಸೋಪೇ, ಕ್ಷಾರವೇ. ಒಣ ಚರ್ಮದವರು ಸ್ನಾನದ ಮೇಲೆ ಸ್ವಲ್ಪ ಎಳ್ಳೆಣ್ಣೆ ಸವರಿಕೊಳ್ಳಿ.

ಪುಡಿ ಚೆನ್ನಾಗಿ ಬಂದರೆ ಪಕ್ಕದ ಮನೆಯವರು ಕೇಳುತ್ತಾರೆ, ಕೊಡಿ. ದುಡ್ಡಿಗೆ ಮಾರುವುದು ಬೇರೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಲು ತಯಾರಿಸುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕು. ಆಯುರ್ವೇದದ ಹೆಸರಿನಲ್ಲಿ ಮಾರುವುದಾದರೆ ಅದಕ್ಕೆ ಬೇರೆ ಪರವಾನಗಿ. ಲೇಬಲ್ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಸಬೇಕಾದ ಅವಧಿ, ಪದಾರ್ಥಗಳ ಪಟ್ಟಿ ಎಲ್ಲಾ ಇರಬೇಕು. ಪಕ್ಕದ ಮನೆಗೆ ಕೊಡುವ ಡಬ್ಬಿಗೂ ಒಂದು ಚೀಟಿ ಅಂಟಿಸಿ: ಏನೇನು ಹಾಕಿದೆ, ಯಾವ ತಿಂಗಳು ಅರೆಸಿದ್ದು, ಒದ್ದೆ ಕೈ ಹಾಕಬೇಡಿ.